ಬಸ್ಸಿಗಲ್ಲ, ಕಿಲೋಮೀಟರಿಗೆ ದುಡ್ಡು

2014ರ ಫೆಬ್ರುವರಿ ಕೊನೆಯ ವಾರ ಬೆಂಗಳೂರಿನ ಮೆಜೆಸ್ಟಿಕ್–ಕಾಡುಗೋಡಿ ಮಾರ್ಗಕ್ಕೆ ಎಂಜಿನ್ ಸದ್ದೇ ಇಲ್ಲದ ಬಸ್ಸೊಂದು ಇಳಿಯಿತು. ಚೀನಾದ ಬಿವೈಡಿ ಕಂಪನಿ ತಯಾರಿಸಿದ, ಬ್ಯಾಟರಿಯಿಂದ ಓಡುವ ಈ ಬಸ್ಸನ್ನು ಬಿಎಂಟಿಸಿ ಮೂರು ತಿಂಗಳು ಪ್ರಯೋಗಕ್ಕೆಂದು ಓಡಿಸಿ ನೋಡಿತು. ದೇಶದ ನಗರ ಸಾರಿಗೆಯಲ್ಲಿ ಅದು ಇಂಥ ಮೊದಲ ಪ್ರಯತ್ನ. ಜನ ಹತ್ತಿದರು, ಹೊಗೆಯಿಲ್ಲ ಸದ್ದಿಲ್ಲ ಎಂದು ಮೆಚ್ಚಿಕೊಂಡರು. ಆದರೆ ಬೆಲೆ ಎರಡೂವರೆ ಕೋಟಿ ರೂಪಾಯಿಗೂ ಮೇಲಿತ್ತು. ಆ ದುಡ್ಡಿಗೆ ಸಾಮಾನ್ಯ ಡೀಸೆಲ್ ಬಸ್ಸುಗಳು ಒಂದು ಸಾಲಿನಷ್ಟು ಬರುತ್ತಿದ್ದವು. ಪ್ರಯೋಗ ಮುಗಿಯಿತು, ಬಸ್ಸು ಹೊರಟುಹೋಯಿತು. ಬೆಂಗಳೂರಿನ ರಸ್ತೆಗೆ ಎಲೆಕ್ಟ್ರಿಕ್ ಬಸ್ಸು ಕಾಯಂ ಆಗಿ ಬರಲು 2021ರ ಡಿಸೆಂಬರ್ ತನಕ ಕಾಯಬೇಕಾಯಿತು.

ನಡುವಿನ ಏಳೂ ಮುಕ್ಕಾಲು ವರ್ಷದಲ್ಲಿ ಬ್ಯಾಟರಿ ಅಗ್ಗವಾಯಿತು ಎಂಬುದು ನಿಜ. ದೇಶದ ಕಂಪನಿಗಳೂ ಇಂಥ ಬಸ್ಸು ಕಟ್ಟಲು ಕಲಿತವು. ಆದರೂ ತಡವಾದದ್ದಕ್ಕೆ ಮುಖ್ಯ ಕಾರಣ ಯಂತ್ರದಲ್ಲಿರಲಿಲ್ಲ, ಖರೀದಿಯ ಕಾಗದದಲ್ಲಿತ್ತು. ಬಸ್ಸು ಯಾರದ್ದಾಗಿರಬೇಕು, ದುಡ್ಡು ಯಾರು ಕೊಡಬೇಕು, ಹೇಗೆ ಕೊಡಬೇಕು, ಕೊಡದಿದ್ದರೆ ಏನು ಗತಿ ಎಂಬ ಪ್ರಶ್ನೆಗಳು ಇತ್ಯರ್ಥವಾಗುವವರೆಗೆ ಯಾವ ಹೊಸ ಇಂಧನವೂ ಡಿಪೋದೊಳಗೆ ಬರುವುದಿಲ್ಲ. ಪರ್ಯಾಯ ಇಂಧನದ ಇತಿಹಾಸವೆಲ್ಲ ಇದನ್ನೇ ಹೇಳುತ್ತದೆ.

ಇತಿಹಾಸ ಎಂದರೆ ಹತ್ತಿಪ್ಪತ್ತು ವರ್ಷದ್ದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ನಮ್ಮ ಊರೂರಿನ ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡಿದವು. ಬಸ್ಸಿನ ಹಿಂಬದಿಗೆ ಆಳೆತ್ತರದ ಕಬ್ಬಿಣದ ಉರುಳೆ. ಬೆಳಗಿನ ಜಾವ ಕ್ಲೀನರ್ ಹುಡುಗ ಅದಕ್ಕೆ ಇದ್ದಿಲು ಸುರಿದು, ಬೆಂಕಿ ಹಚ್ಚಿ, ಗಾಳಿಯ ಚಕ್ರವನ್ನು ಕೈಯಿಂದ ತಿರುಗಿಸುತ್ತ ಕೂರಬೇಕು. ಗ್ಯಾಸು ಹದಕ್ಕೆ ಬಂದ ಮೇಲೆಯೇ ಎಂಜಿನ್ ಏಳುವುದು. ಘಾಟಿಯ ಏರು ಬಂದರೆ ಬಸ್ಸು ಏದುಸಿರು ಬಿಡುತ್ತಿತ್ತು, ಪ್ರಯಾಣಿಕರು ಇಳಿದು ತಳ್ಳುತ್ತಿದ್ದರು. ಯುದ್ಧ ಮುಗಿದು ಪೆಟ್ರೋಲು ಸಲೀಸಾಗಿ ಸಿಗತೊಡಗಿದ್ದೇ ತಡ, ಉರುಳೆಗಳು ಗುಜರಿಗೆ ಹೋದವು. ಆ ತಂತ್ರವನ್ನು ಬದುಕಿಸಿದ್ದೂ ಅಭಾವವೇ, ಕೊಂದದ್ದೂ ಅಭಾವ ತೀರಿದ್ದೇ.

ಹೊಂಗೆಯ ಕತೆ ಇನ್ನೂ ಹತ್ತಿರದ್ದು. ಕರೆಂಟು ಬರುವ ಮೊದಲು ಮನೆಮನೆಯ ದೀಪಕ್ಕೆ ಎರೆಯುತ್ತಿದ್ದ ಎಣ್ಣೆಯಿಂದ ಡೀಸೆಲ್ ಎಂಜಿನ್ ಓಡಿಸಬಹುದು ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸ ಅವರು ಕಳೆದ ಶತಮಾನದ ಕೊನೆಯಲ್ಲಿ ಮಾಡಿ ತೋರಿಸಿದರು. ಹಳ್ಳಿಯ ಪಂಪ್‌ಸೆಟ್‌ಗೆ, ಜನರೇಟರಿಗೆ ಹೊಂಗೆ ಎಣ್ಣೆ ಹೊಂದಿಕೊಂಡಿತು. ಮುಂದೆ ಹಾಸನದ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ಎದ್ದಿತು. 2009ರಲ್ಲಿ ರಾಜ್ಯಕ್ಕೆ ಜೈವಿಕ ಇಂಧನ ನೀತಿ ಬಂತು, ಆ ಮೇಲೆ ಮಂಡಳಿಯೂ ಬಂತು. ‘ಹಸಿರು ಹೊನ್ನು’, ‘ಬರಡು ಬಂಗಾರ’ ಎಂಬ ಹೆಸರಿನಲ್ಲಿ ಲಕ್ಷಾಂತರ ಸಸಿ ನೆಡಲಾಯಿತು. ಕೆಎಸ್‌ಆರ್‌ಟಿಸಿ ತನ್ನ ಬಸ್ಸುಗಳಲ್ಲಿ ಎಥೆನಾಲ್ ಬೆರೆಸಿದ ಡೀಸೆಲನ್ನೂ ಜೈವಿಕ ಡೀಸೆಲನ್ನೂ ಬಳಸಿ ನೋಡಿತು.

ಇಷ್ಟೆಲ್ಲ ಆದರೂ ಹೊಂಗೆ ಸಾರಿಗೆ ನಿಗಮಗಳ ಟ್ಯಾಂಕ್ ತುಂಬಲಿಲ್ಲ. ಹೊಂಗೆಬೀಜದ ತೂಕದಲ್ಲಿ ಸುಮಾರು ಕಾಲು ಭಾಗ ಎಣ್ಣೆ ಸಿಗುತ್ತದೆ. ಅದಕ್ಕೆ ಕಾಯಿ ಆಯಬೇಕು, ಒಣಗಿಸಬೇಕು, ಬಡಿದು ಬೀಜ ಬಿಡಿಸಬೇಕು. ಕೂಲಿ ಏರುತ್ತಿದ್ದ ಕಾಲದಲ್ಲಿ ಬೀಜಕ್ಕೆ ಸಿಗುವ ಬೆಲೆ ಆಯ್ದವರ ದಿನಗೂಲಿಗೂ ಸಾಲದಾದರೆ ಬೀಜ ಮರದಡಿಯಲ್ಲೇ ಉಳಿಯುತ್ತದೆ. ಇಷ್ಟು ಬೆಲೆಗೆ ಇಷ್ಟು ಎಣ್ಣೆಯನ್ನು ಇಷ್ಟು ವರ್ಷ ಕೊಂಡೇ ಕೊಳ್ಳುತ್ತೇವೆ ಎಂದು ದೊಡ್ಡ ಗಿರಾಕಿಯೊಬ್ಬ ಬರೆದುಕೊಟ್ಟಿದ್ದರೆ ಕತೆ ಬೇರೆಯಾಗುತ್ತಿತ್ತು. ಸಸಿ ನೆಡಿಸುವುದಕ್ಕೆ ಯೋಜನೆ ಇತ್ತು, ಎಣ್ಣೆ ಕೊಳ್ಳುವುದಕ್ಕೆ ಅಂಥ ಭದ್ರವಾದ ಏರ್ಪಾಡು ಇರಲಿಲ್ಲ.

ಅತ್ತ ಡೀಸೆಲಿನ ಬೆಲೆಯೂ ಬಸ್ಸಿಗೆ ನೆಂಟನಾಗಿರಲಿಲ್ಲ. 2013ರ ಜನವರಿಯಲ್ಲಿ ಕೇಂದ್ರ ಸರ್ಕಾರ ಸಗಟು ಖರೀದಿದಾರರಿಗೆ ಡೀಸೆಲ್ ಸಬ್ಸಿಡಿ ನಿಲ್ಲಿಸಿತು. ಸಗಟು ಖರೀದಿದಾರರೆಂದರೆ ರೈಲ್ವೆ, ಸೇನೆ, ರಾಜ್ಯ ಸಾರಿಗೆ ನಿಗಮಗಳು. ರಸ್ತೆ ಬದಿಯ ಬಂಕಿನಲ್ಲಿ ದುಬಾರಿ ಕಾರಿನವನಿಗೆ ಸಿಗುವ ಡೀಸೆಲಿಗಿಂತ ಅರವತ್ತು ಜನರನ್ನು ಹೊತ್ತೊಯ್ಯುವ ಸರ್ಕಾರಿ ಬಸ್ಸಿನ ಡೀಸೆಲಿಗೆ ಲೀಟರಿಗೆ ಸುಮಾರು 10 ರೂಪಾಯಿ ಹೆಚ್ಚು ಬೆಲೆ ಬಿತ್ತು. ಹಲವು ರಾಜ್ಯಗಳ ನಿಗಮಗಳು ತಮ್ಮ ಡಿಪೋದ ಪಂಪು ಬಿಟ್ಟು ಖಾಸಗಿ ಬಂಕುಗಳ ಮುಂದೆ ಬಸ್ಸುಗಳನ್ನು ಸಾಲುಗಟ್ಟಿ ನಿಲ್ಲಿಸಿದವು. 2022ರ ಮಾರ್ಚ್‌ನಲ್ಲಿ ಸಗಟು ದರ ಒಮ್ಮೆಲೇ ಏರಿದಾಗಲೂ ಅದೇ ಸಾಲು ಕಾಣಿಸಿತು. ಸುಸ್ಥಿರ ಸಾರಿಗೆಯ ಬಗ್ಗೆ ಎಷ್ಟೇ ಒಳ್ಳೆಯ ನೀತಿಪತ್ರ ಬರೆದರೂ ಬಸ್ಸಿಗೆ ಕಾರಿಗಿಂತ ದುಬಾರಿ ಇಂಧನ ಮಾರುವ ದೇಶದಲ್ಲಿ ಅದಕ್ಕೆ ಬೆಲೆ ಎಲ್ಲಿಂದ ಬರಬೇಕು?

ಆಜ್ಞೆಯ ಬಲದಿಂದಲೇ ಇಂಧನ ಬದಲಾದ ಉದಾಹರಣೆಯೂ ಇದೆ. ಪರಿಸರ ವಕೀಲ ಎಂ.ಸಿ. ಮೆಹ್ತಾ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1998ರ ಜುಲೈ 28ರಂದು ದೆಹಲಿಯ ಬಸ್ಸುಗಳೆಲ್ಲ 2001ರ ಮಾರ್ಚ್ 31ರೊಳಗೆ ಸಿಎನ್‌ಜಿಗೆ ಬದಲಾಗಬೇಕು ಎಂದು ಆದೇಶಿಸಿತು. ಭೂರೇಲಾಲ್ ನೇತೃತ್ವದ ಪರಿಸರ ಮಾಲಿನ್ಯ ತಡೆ ಪ್ರಾಧಿಕಾರ ಬೆನ್ನಿಗೆ ಬಿದ್ದು ಮೇಲ್ವಿಚಾರಣೆ ಮಾಡಿತು. ಗಡುವು ಬಂದಾಗ ಬಸ್ಸೂ ಸಾಲದು, ಗ್ಯಾಸ್ ತುಂಬುವ ಬಂಕೂ ಸಾಲದು. ಚಾಲಕರು ರಾತ್ರಿಯಿಡೀ ಕ್ಯೂನಲ್ಲಿ ನಿಂತು ಬಸ್ಸಿನಲ್ಲೇ ಮಲಗಿದರು. ಗ್ಯಾಸಿನ ಒತ್ತಡ ಕಡಿಮೆಯಾಗಿ ಅರ್ಧ ಟ್ಯಾಂಕಿಗೆ ತೃಪ್ತಿಪಟ್ಟು ಹೊರಟವರೂ ಇದ್ದರು. ಆದರೂ ಕೋರ್ಟು ಜಗ್ಗಲಿಲ್ಲ, 2002ರ ಕೊನೆಯ ಹೊತ್ತಿಗೆ ದೆಹಲಿಯ ನಗರ ಸಾರಿಗೆಯಿಂದ ಡೀಸೆಲ್ ಬಸ್ಸು ಮರೆಯಾಯಿತು. ಕೋರ್ಟು ಬೆತ್ತ ಹಿಡಿದು ನಿಂತರೆ ಇಂಧನ ಬದಲಾದೀತು. ಎಲ್ಲ ಊರಿಗೂ ಅಂಥ ಕೋರ್ಟು ಸಿಗುವುದಿಲ್ಲ, ಸಿಗುವವರೆಗೆ ಕಾಯುವಂತೆಯೂ ಇಲ್ಲ.

ಎಲೆಕ್ಟ್ರಿಕ್ ಬಸ್ಸಿನ ಲೆಕ್ಕ ಡೀಸೆಲ್ ಬಸ್ಸಿನ ಲೆಕ್ಕಕ್ಕೆ ತಿರುಗುಮುರುಗು. ಡೀಸೆಲ್ ಬಸ್ಸು ಕೊಳ್ಳುವಾಗ ಅಗ್ಗ, ಓಡಿಸುವಾಗ ದುಬಾರಿ. ಇದು ಕೊಳ್ಳುವಾಗಲೇ ಕೋಟಿ ಮುಟ್ಟುತ್ತದೆ, ರಸ್ತೆಗಿಳಿದ ಮೇಲೆ ದಿನದಿನಕ್ಕೂ ಉಳಿಸುತ್ತ ಹೋಗುತ್ತದೆ. ಎಂಜಿನ್ ಆಯಿಲ್ ಇಲ್ಲ, ಕ್ಲಚ್ಚಿಲ್ಲ, ಬ್ರೇಕು ಹಿಡಿದಾಗಲೂ ಒಂದಿಷ್ಟು ವಿದ್ಯುತ್ತು ಬ್ಯಾಟರಿಗೆ ಮರಳುತ್ತದೆ. ಆದರೆ ಸಂಬಳಕ್ಕೇ ಸಾಲ ಹುಡುಕುವ ನಿಗಮ, ಹನ್ನೆರಡು ವರ್ಷಗಳಲ್ಲಿ ಆಗಲಿರುವ ಉಳಿತಾಯವನ್ನು ನಂಬಿ ಇಂದೇ ಕೋಟಿ ಕೊಡುವುದು ಎಲ್ಲಿಂದ? ಬ್ಯಾಟರಿ ಹಾಳಾದರೆ ಹೊಣೆ ಯಾರದು ಎಂಬ ಅಂಜಿಕೆ ಬೇರೆ.

ಈ ಗಂಟನ್ನು ಬಿಡಿಸಿದ್ದು ಹೊಸ ಬ್ಯಾಟರಿಯಲ್ಲ, ಹೊಸ ಬಗೆಯ ಒಪ್ಪಂದ. ಅಧಿಕಾರಿಗಳ ಬಾಯಲ್ಲಿ ಅದು ಜಿಸಿಸಿ, ಅಂದರೆ ಗ್ರಾಸ್ ಕಾಸ್ಟ್ ಕಾಂಟ್ರ್ಯಾಕ್ಟ್. ಬಸ್ಸು ಕಂಪನಿಯದು, ಚಾಲಕರೂ ಕಂಪನಿಯವರು, ರಿಪೇರಿಯೂ ಬ್ಯಾಟರಿಯೂ ಕಂಪನಿಯ ಹೊಣೆ. ಮಾರ್ಗ, ವೇಳಾಪಟ್ಟಿ, ಟಿಕೆಟ್ ದರ, ನಿರ್ವಾಹಕರು, ಕಲೆಕ್ಷನ್ ಎಲ್ಲ ನಿಗಮದ್ದು. ಬಸ್ಸು ಓಡಿದ ಪ್ರತಿ ಕಿಲೋಮೀಟರಿಗೆ ನಿಗಮ ಇಂತಿಷ್ಟು ಎಂದು ಕಂಪನಿಗೆ ಕೊಡುತ್ತದೆ. ಬಸ್ಸು ಖಾಲಿ ಓಡಲಿ, ತುಂಬಿ ಓಡಲಿ, ಕಂಪನಿಗೆ ಸಿಗುವುದು ಒಂದೇ ದರ. ಹಾಗಾಗಿ ಪ್ರಯಾಣಿಕರಿಗಾಗಿ ರೇಸಿಗೆ ಬೀಳುವ ಅಗತ್ಯ ಅದಕ್ಕಿಲ್ಲ. ದಿನಕ್ಕೆ ಇಷ್ಟು ಕಿಲೋಮೀಟರು ಓಡಿಸಿಯೇ ತೀರುತ್ತೇವೆ ಎಂಬ ಖಾತರಿಯನ್ನು ನಿಗಮ ಕೊಡಬೇಕು.

ಬೆಂಗಳೂರು ಈ ಪಾಠವನ್ನು ಕಷ್ಟಪಟ್ಟು ಕಲಿತ ನಗರ. ಎಲೆಕ್ಟ್ರಿಕ್ ವಾಹನಗಳಿಗೆ ಸಬ್ಸಿಡಿ ಕೊಡುವ ಕೇಂದ್ರದ ಫೇಮ್ ಯೋಜನೆ 2015ರಲ್ಲಿ ಶುರುವಾಯಿತು. 2017ರಲ್ಲಿ ಕರ್ನಾಟಕ ಎಲೆಕ್ಟ್ರಿಕ್ ವಾಹನ ನೀತಿ ತಂದ ದೇಶದ ಮೊದಲ ರಾಜ್ಯವಾಯಿತು. ಬಸ್ ಸಬ್ಸಿಡಿಗೆ ಕೇಂದ್ರ ಆರಿಸಿದ ನಗರಗಳ ಪಟ್ಟಿಯಲ್ಲಿ ಬೆಂಗಳೂರೂ ಇತ್ತು. ಟೆಂಡರಿನಲ್ಲಿ ಕಿಲೋಮೀಟರಿಗೆ 40 ರೂಪಾಯಿಗಿಂತ ಕಡಿಮೆ ದರವೂ ಬಂತು. ಅಷ್ಟರಲ್ಲಿ ಗುತ್ತಿಗೆಗೆ ಪಡೆಯುವುದೇಕೆ, ನಾವೇ ಕೊಳ್ಳೋಣ ಎಂಬ ವಾದ ಎದ್ದಿತು. ವಾದದಲ್ಲಿ ಹುರುಳಿರಲಿಲ್ಲ ಎನ್ನಲಾಗದು. ಸಾರ್ವಜನಿಕ ಆಸ್ತಿ ಸಾರ್ವಜನಿಕರದ್ದಾಗಿಯೇ ಉಳಿಯಲಿ ಎಂಬ ಕಾಳಜಿ ಅದರಲ್ಲಿತ್ತು. ಆದರೆ ಚರ್ಚೆ ಎಳೆದಾಡಿ ಕಾಲ ಮಿಂಚಿತು. ನೀತಿ ಬರೆಯುವುದರಲ್ಲಿ ಮೊದಲಾದ ರಾಜ್ಯದ ರಾಜಧಾನಿ ಬಸ್ಸು ಪಡೆಯುವುದರಲ್ಲಿ ಹಿಂದುಳಿಯಿತು.

2019ರ ಏಪ್ರಿಲ್‌ನಲ್ಲಿ ಬಂದ ಫೇಮ್-2 ಈ ಜಗ್ಗಾಟಕ್ಕೆ ಅವಕಾಶವನ್ನೇ ಕೊಡಲಿಲ್ಲ. 10,000 ಕೋಟಿ ರೂಪಾಯಿಯ ಆ ಯೋಜನೆಯಲ್ಲಿ ಬಸ್ಸಿನ ಸಬ್ಸಿಡಿ ಬೇಕಾದರೆ ಕಿಲೋಮೀಟರ್ ಲೆಕ್ಕದ ಗುತ್ತಿಗೆಯೇ ಆಗಬೇಕೆಂದು ಷರತ್ತು ಹಾಕಲಾಯಿತು. ಬೆಂಗಳೂರಿನಲ್ಲಿ ಮೊದಲು ಬಂದದ್ದು ಸ್ಮಾರ್ಟ್ ಸಿಟಿ ಹಣದ ನೆರವಿನಿಂದ 90 ಪುಟ್ಟ ಬಸ್ಸು. 9 ಮೀಟರ್ ಉದ್ದದ ಇವು ಮೆಟ್ರೊ ನಿಲ್ದಾಣಕ್ಕೆ ಜನರನ್ನು ಮುಟ್ಟಿಸುವ ಫೀಡರ್‌ಗಳು, ದರ ಕಿಲೋಮೀಟರಿಗೆ 51 ರೂಪಾಯಿ 67 ಪೈಸೆ. 2022ರ ಆಗಸ್ಟ್‌ನಿಂದ ಫೇಮ್-2ರ ಅಡಿಯಲ್ಲಿ 12 ಮೀಟರ್ ಉದ್ದದ 300 ಬಸ್ಸುಗಳು ಬರತೊಡಗಿದವು, ದರ 48 ರೂಪಾಯಿ 90 ಪೈಸೆ. ಆಮೇಲೆ 2023ರ ಡಿಸೆಂಬರ್ 26ರಂದು ವಿಧಾನಸೌಧದ ಮುಂದೆ 100 ಬಸ್ಸುಗಳಿಗೆ ಹಸಿರು ನಿಶಾನೆ ತೋರಿದರು. ಅವು 921 ಬಸ್ಸುಗಳ ಇನ್ನೊಂದು ಒಪ್ಪಂದದ ಮೊದಲ ಕಂತು, ದರ 41 ರೂಪಾಯಿ 1 ಪೈಸೆ. ಬಸ್ಸಿನ ಗಾತ್ರ, ದಿನದ ಓಟ, ಸಬ್ಸಿಡಿ ಮುಂತಾದ ಷರತ್ತುಗಳು ಬೇರೆಬೇರೆ ಇರುವುದರಿಂದ ಮೂರನ್ನೂ ಒಂದೇ ತಕ್ಕಡಿಗೆ ಹಾಕುವಂತಿಲ್ಲ. ದರ ಇಳಿಮುಖವಾದದ್ದಂತೂ ಎದ್ದು ಕಾಣುತ್ತದೆ.

ಇಳಿದದ್ದಕ್ಕೆ ಒಂದು ಮುಖ್ಯ ಕಾರಣ ಒಟ್ಟು ಖರೀದಿ. 2022ರಲ್ಲಿ ಕೇಂದ್ರದ ಸಿಇಎಸ್‌ಎಲ್ ಸಂಸ್ಥೆ ಬೆಂಗಳೂರು, ದೆಹಲಿ, ಕೋಲ್ಕತ್ತ, ಹೈದರಾಬಾದ್, ಸೂರತ್ ಈ ಐದು ನಗರಗಳ ಬೇಡಿಕೆಯನ್ನು ಒಂದೇ ಕಟ್ಟಾಗಿಸಿ 5,450 ಬಸ್ಸುಗಳಿಗೆ ಟೆಂಡರ್ ಕರೆಯಿತು. ಅಲ್ಲಿಯವರೆಗೆ ಪ್ರತಿ ನಗರವೂ ತನ್ನದೇ ಅಳತೆ, ತನ್ನದೇ ಬಾಗಿಲು, ತನ್ನದೇ ದಂಡದ ನಿಯಮ ಬರೆಯುತ್ತಿತ್ತು. ಐವತ್ತು ಬಸ್ಸಿಗೆ ಒಂದು ವಿನ್ಯಾಸ, ನೂರಕ್ಕೆ ಮತ್ತೊಂದು. ಷರತ್ತುಗಳು ಏಕರೂಪವಾಗಿ, ಸಂಖ್ಯೆ ದೊಡ್ಡದಾದಾಗ ತಯಾರಕರು ದರ ಇಳಿಸಿದರು. 12 ಮೀಟರ್ ಬಸ್ಸಿಗೆ 43 ರೂಪಾಯಿ 49 ಪೈಸೆಯ ದರ ಬಂತು. ಗುಮಾಸ್ತಿಕೆಯ ಕೆಲಸದಂತೆ ಕಾಣುವ ಈ ಏಕರೂಪತೆ ಎಷ್ಟೋ ಸಬ್ಸಿಡಿಗಿಂತ ಹೆಚ್ಚು ಫಲ ಕೊಟ್ಟಿತು.

ಹೊರದೇಶದ ಅನುಭವವೂ ಇತ್ತಲೇ ಬೆರಳು ತೋರುತ್ತದೆ. ಚೀನಾದ ಶೆನ್‌ಜೆನ್ ನಗರ 2017ರ ಕೊನೆಯ ಹೊತ್ತಿಗೆ ತನ್ನ 16,359 ಬಸ್ಸುಗಳನ್ನೂ ಎಲೆಕ್ಟ್ರಿಕ್ ಮಾಡಿ ಮುಗಿಸಿತು. ಅಲ್ಲಿ ಧಾರಾಳ ಸಬ್ಸಿಡಿ ಇತ್ತು, ಜೊತೆಗೆ ಬಸ್ಸುಗಳನ್ನು ಹಣಕಾಸು ಕಂಪನಿಗಳು ಕೊಂಡು ಸಾರಿಗೆ ಸಂಸ್ಥೆಗಳಿಗೆ ಬಾಡಿಗೆಗೆ ಕೊಟ್ಟವು, ಬ್ಯಾಟರಿಗೆ ತಯಾರಕರು ವರ್ಷಗಟ್ಟಲೆ ವಾರಂಟಿ ಬರೆದುಕೊಟ್ಟರು. ಚಿಲಿಯ ಸಾಂಟಿಯಾಗೊದ ದಾರಿ ನಮಗೆ ಇನ್ನೂ ಹತ್ತಿರದ್ದು. 2018ರ ಕೊನೆಯಲ್ಲಿ ಅಲ್ಲಿ ಒಂದು ವಿದ್ಯುತ್ ಕಂಪನಿಯೇ ನೂರು ಬಸ್ಸು ಕೊಂಡು ಓಡಿಸುವವರಿಗೆ ಬಾಡಿಗೆಗೆ ಕೊಟ್ಟಿತು. ಬಸ್ಸಿನ ಕಂತು ನೇರವಾಗಿ ಸಾರಿಗೆ ವ್ಯವಸ್ಥೆಯ ಹಣದಿಂದಲೇ ಪಾವತಿಯಾಗುವ ಏರ್ಪಾಡಾಯಿತು. ಓಡಿಸುವ ಕಂಪನಿ ದಿವಾಳಿಯಾದರೂ ಬಸ್ಸು ಊರಿನಲ್ಲೇ ಉಳಿಯುತ್ತದೆ. ಸಾಲ ಕೊಡುವವರ ಹೆದರಿಕೆ ಹೋಯಿತು, 2023ರ ಹೊತ್ತಿಗೆ ಬಸ್ಸುಗಳ ಸಂಖ್ಯೆ 2,000 ದಾಟಿತು.

ಭಾರತದಲ್ಲಿ ಬ್ಯಾಂಕುಗಳ ಅಳುಕು ಸಾರಿಗೆ ನಿಗಮಗಳ ಮೇಲಿತ್ತು. ಹನ್ನೆರಡು ವರ್ಷ ತಿಂಗಳು ತಪ್ಪದೆ ಬಿಲ್ಲು ಕಟ್ಟುವ ಶಕ್ತಿ ಇವಕ್ಕಿದೆಯೇ? ಆ ಅನುಮಾನದಿಂದಲೇ ಕೆಲವು ದೊಡ್ಡ ಟೆಂಡರುಗಳಿಗೆ ತಯಾರಕರು ಮುಂದೆ ಬರಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಇದಕ್ಕೆಂದೇ 3,435 ಕೋಟಿ ರೂಪಾಯಿಯ ಪಾವತಿ ಭದ್ರತಾ ವ್ಯವಸ್ಥೆಗೆ ಒಪ್ಪಿಗೆ ಕೊಟ್ಟಿತು. ನಿಗಮ ಬಿಲ್ಲು ಕಟ್ಟದಿದ್ದರೆ ಸಿಇಎಸ್‌ಎಲ್ ಈ ನಿಧಿಯಿಂದ ಕಂಪನಿಗೆ ಕೊಡುತ್ತದೆ. ಬಾಕಿಯನ್ನು ರಿಸರ್ವ್ ಬ್ಯಾಂಕಿನಲ್ಲಿರುವ ರಾಜ್ಯದ ಖಾತೆಯಿಂದಲೇ ಮುರಿದುಕೊಳ್ಳಲು ರಾಜ್ಯ ಮುಂಚಿತವಾಗಿ ಸಮ್ಮತಿಪತ್ರ ಬರೆದುಕೊಟ್ಟಿರಬೇಕು.

ಹಾಗೆಂದು ಕಿಲೋಮೀಟರ್ ಲೆಕ್ಕ ಎಲ್ಲವನ್ನೂ ನೇರ್ಪಡಿಸಿಲ್ಲ. ಮೊದಲ ನೋವು ಚಾಲಕರದು. ಒಂದೇ ಬಸ್ಸಿನಲ್ಲಿ ನಿರ್ವಾಹಕರು ನಿಗಮದ ಕಾಯಂ ನೌಕರರು, ಸ್ಟೇರಿಂಗ್ ಹಿಡಿದವರು ಕಂಪನಿಯ ಗುತ್ತಿಗೆ ನೌಕರರು. ಡ್ಯೂಟಿ ಒಂದೇ, ದಟ್ಟಣೆ ಒಂದೇ, ಸಂಬಳ ಮಾತ್ರ ಅಜಗಜಾಂತರ. ದರದ ಪೈಪೋಟಿಯಲ್ಲಿ ಬ್ಯಾಟರಿಯ ಬೆಲೆ, ಬಡ್ಡಿಯ ಬೆಲೆ ತಗ್ಗಿಸಲಾಗದು. ಕೈಗೆ ಸಿಗುವುದು ಕೂಲಿಯೊಂದೇ. ಬೆಂಗಳೂರಿನ ಡಿಪೋಗಳಲ್ಲಿ ಎಲೆಕ್ಟ್ರಿಕ್ ಬಸ್ ಚಾಲಕರು ಸಂಬಳಕ್ಕಾಗಿ ದಿಢೀರ್ ಮುಷ್ಕರ ಹೂಡಿದ್ದೂ ಆಗಿದೆ. ಅಪಘಾತಗಳಾದಾಗ ಚಾಲಕರ ತರಬೇತಿಯ ಪ್ರಶ್ನೆ ಎದ್ದದ್ದೂ ಆಗಿದೆ. ಹೊಗೆಯಿಲ್ಲದ ಬಸ್ಸಿಗೆ ಬೆಲೆ ತೆರಬೇಕಾದವರು ಚಾಲಕರಲ್ಲ. ಅವರ ಕನಿಷ್ಠ ವೇತನವನ್ನು ದರದ ಪೈಪೋಟಿಯಿಂದ ಹೊರಗಿಟ್ಟು, ಟೆಂಡರಿನಲ್ಲಿಯೇ ಬರೆಯಬೇಕು.

ಎರಡನೆಯದು ವಿದ್ಯುತ್ತಿನ ಮೂಲ. ರಾತ್ರಿ ಹನ್ನೊಂದರ ನಂತರ ಡಿಪೋಗೆ ಮರಳಿದ ಬಸ್ಸುಗಳು ಚಾರ್ಜರುಗಳ ಎದುರು ಸಾಲಾಗಿ ನಿಲ್ಲುತ್ತವೆ. ಸಿಬ್ಬಂದಿ ತೋಳು ದಪ್ಪದ ಕೇಬಲ್ ಎಳೆದು ‘ಗನ್’ ಸಿಕ್ಕಿಸುತ್ತಾರೆ, ಪರದೆಯಲ್ಲಿ ಶೇಕಡಾವಾರು ಅಂಕಿ ನಿಧಾನಕ್ಕೆ ಏರುತ್ತದೆ. 12 ಮೀಟರ್ ಬಸ್ಸು ಕಿಲೋಮೀಟರಿಗೆ ಒಂದು ಯೂನಿಟ್‌ಗಿಂತ ತುಸು ಹೆಚ್ಚು ವಿದ್ಯುತ್ ಕುಡಿಯುತ್ತದೆ. 200 ಕಿಲೋಮೀಟರಿಗೆ 220ರಿಂದ 240 ಯೂನಿಟ್ ಎಂದಿಟ್ಟುಕೊಂಡರೆ, ದೇಶದ ಸರಾಸರಿ ಗ್ರಿಡ್‌ನ ಲೆಕ್ಕದಲ್ಲಿ 150ರಿಂದ 170 ಕಿಲೋ ಇಂಗಾಲದ ಡೈಆಕ್ಸೈಡ್ ಆಯಿತು. ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಡುವ ಡೀಸೆಲ್ ಬಸ್ಸು ಅಷ್ಟೇ ದೂರಕ್ಕೆ 50 ಲೀಟರ್ ಸುಟ್ಟು ಸುಮಾರು 135 ಕಿಲೋ ಉಗುಳುತ್ತದೆ. ತೈಲ ತೆಗೆದು, ಸಂಸ್ಕರಿಸಿ, ತರುವಾಗ ಹೊಮ್ಮುವ ಇಂಗಾಲವನ್ನೂ ಸೇರಿಸಿದರೆ ಎರಡೂ ಸಮಸಮಕ್ಕೆ ಬರುತ್ತವೆ. ಕಲ್ಲಿದ್ದಲ ಗ್ರಿಡ್‌ನಲ್ಲಿ ಎಲೆಕ್ಟ್ರಿಕ್ ಬಸ್ಸಿನಿಂದ ಬೀದಿಯ ಗಾಳಿ ಶುದ್ಧವಾಗುತ್ತದೆ, ಹವಾಮಾನಕ್ಕೆ ಆಗುವ ಲಾಭ ಅಲ್ಪ.

ಇಲ್ಲಿ ಕರ್ನಾಟಕಕ್ಕೆ ನಿಜವಾದ ಅನುಕೂಲವಿದೆ. ಶರಾವತಿಯ ಜಲವಿದ್ಯುತ್, ಚಿತ್ರದುರ್ಗ–ಗದಗದ ಗಾಳಿಯಂತ್ರಗಳು, ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಜಮೀನಿನಲ್ಲಿ ಹರಡಿರುವ 2,050 ಮೆಗಾವ್ಯಾಟ್ ಸೌರ ಪಾರ್ಕು, ಎಲ್ಲ ಸೇರಿ ರಾಜ್ಯದ ವಿದ್ಯುತ್ತು ದೇಶದ ಸರಾಸರಿಗಿಂತ ಎಷ್ಟೋ ಶುದ್ಧ. ಆದರೆ ಬಸ್ಸು ಚಾರ್ಜಿಗೆ ನಿಲ್ಲುವುದು ರಾತ್ರಿ, ಸೂರ್ಯ ಇರುವುದು ಹಗಲು. ಬೆಳಗಿನ ಮತ್ತು ಸಂಜೆಯ ದಟ್ಟಣೆಯ ನಡುವೆ, ಹನ್ನೊಂದರಿಂದ ಮೂರರವರೆಗೆ, ಬಸ್ಸುಗಳಿಗೆ ಕೊಂಚ ಬಿಡುವಿರುತ್ತದೆ. ಆ ಹೊತ್ತಿಗೆ ವಿದ್ಯುತ್ ದರ ಇಳಿಸಿ, ಬಸ್ ನಿಲ್ದಾಣಗಳಲ್ಲೂ ಚಾರ್ಜರ್ ಹಾಕಿದರೆ ಪಾವಗಡದ ಬಿಸಿಲು ನೇರವಾಗಿ ಬಸ್ಸಿನ ಚಕ್ರ ತಿರುಗಿಸುತ್ತದೆ. ಶೆಡ್ಯೂಲ್ ಬರೆಯುವ ಡಿಪೋ ಅಧಿಕಾರಿ ಮತ್ತು ದರ ನಿಗದಿ ಮಾಡುವ ವಿದ್ಯುತ್ ನಿಯಂತ್ರಣ ಆಯೋಗ ಒಂದೇ ಮೇಜಿನ ಸುತ್ತ ಕೂರಬೇಕಾದ ಕೆಲಸ ಇದು.

ಮೂರನೆಯದು ರಸ್ತೆ. ಒಪ್ಪಂದದಲ್ಲಿ ದಿನಕ್ಕೆ 200 ಅಥವಾ 225 ಕಿಲೋಮೀಟರ್ ಎಂದಿದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅರ್ಧ ಗಂಟೆ ನಿಂತ ಬಸ್ಸು ಆ ಗುರಿ ಮುಟ್ಟುವುದು ಕಷ್ಟ, ಮುಟ್ಟದಿದ್ದರೂ ಖಾತರಿಯ ಹಣದ ಹೊರೆ ನಿಗಮದ ತಲೆಗೆ. 2019ರ ಅಕ್ಟೋಬರ್‌ನಲ್ಲಿ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೆಂದೇ ಒಂದು ಪಥ ಬಿಡಿಸಿ, ಕಂಬ ನೆಟ್ಟಿದ್ದರು. ಬಸ್ಸುಗಳು ಬೇಗ ತಲುಪತೊಡಗಿದವು. ಮುಂದೆ ಮೆಟ್ರೊ ಕಾಮಗಾರಿ ಬಂತು, ಕಂಬಗಳು ಹೋದವು, ಪಥ ಮತ್ತೆ ಕಾರುಗಳ ಪಾಲಾಯಿತು. ಒಂದು ಕೋಟಿ ದಾಟಿದ ವಾಹನಗಳ ಊರಿನಲ್ಲಿ ಬಸ್ ಪಥವನ್ನು ಬರಿ ಸಂಚಾರ ಪೊಲೀಸರ ವಿಷಯವೆಂದು ಬಿಡುವಂತಿಲ್ಲ, ಅದು ಇಂಧನ ನೀತಿಯ ಭಾಗ. ಅದೇ ಬಸ್ಸು, ಅದೇ ಬ್ಯಾಟರಿ, ಅದೇ ಚಾಲಕ ದಿನಕ್ಕೆ ಇನ್ನೆರಡು ಟ್ರಿಪ್ ಹೆಚ್ಚು ಓಡಿದರೆ ಕೊಟ್ಟ ಪ್ರತಿ ರೂಪಾಯಿಗೂ ಬೆಲೆ ಬರುತ್ತದೆ.

ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಬೆಂಗಳೂರಿಗೆ ಸುಮಾರು 4,500 ಎಲೆಕ್ಟ್ರಿಕ್ ಬಸ್ಸು ಹಂಚಿಕೆಯಾಗಿರುವುದಾಗಿ 2025ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಒಟ್ಟು 7,000ದ ಆಸುಪಾಸಿನಲ್ಲಿ ಬಸ್ಸಿರುವ ಬಿಎಂಟಿಸಿಗೆ ಇದು ಅರ್ಧಕ್ಕಿಂತ ಹೆಚ್ಚು. ಇವುಗಳ ಕಿಲೋಮೀಟರ್ ಬಿಲ್ಲು ಎಲ್ಲಿಂದ ಹುಟ್ಟಬೇಕು ಎಂಬುದು ಈಗಲೇ ಕೇಳಬೇಕಾದ ಪ್ರಶ್ನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ. ಲಕ್ಷಾಂತರ ಹೆಣ್ಣುಮಕ್ಕಳನ್ನು ಬಸ್ಸಿಗೆ ಹತ್ತಿಸಿದ, ಸುಸ್ಥಿರ ಸಾರಿಗೆಗೂ ಬಲ ಕೊಟ್ಟ ಯೋಜನೆ ಅದು. ಆ ಟಿಕೆಟ್ಟಿನ ಹಣವನ್ನು ನಿಗಮಕ್ಕೆ ತುಂಬಿಕೊಡಬೇಕಾದದ್ದು ರಾಜ್ಯ ಸರ್ಕಾರ. ಇನ್ನುಮುಂದೆ ಗುತ್ತಿಗೆ ಕಂಪನಿಯ ಬಿಲ್ಲಿಗೆ ರಿಸರ್ವ್ ಬ್ಯಾಂಕಿನ ಖಾತೆಯ ಕಾವಲಿರುತ್ತದೆ, ಅದು ಮೊದಲು ಪಾವತಿಯಾಗುತ್ತದೆ. ಶಕ್ತಿಯ ಹಣ ತಡವಾದರೆ ಕಾಯಬೇಕಾಗುವುದು ನಿಗಮದ ಸ್ವಂತ ನೌಕರರ ಸಂಬಳ, ಭವಿಷ್ಯನಿಧಿ, ಉಳಿದ ಡೀಸೆಲ್ ಬಸ್ಸುಗಳ ಟೈರು, ಬಿಡಿಭಾಗ. 4,500 ಬಸ್ಸುಗಳ ಒಪ್ಪಂದಕ್ಕೆ ಸಹಿ ಹಾಕುವ ಕೈಯೇ ಶಕ್ತಿಯ ಹಣ ಪ್ರತಿ ತಿಂಗಳು ಇಂಥ ತಾರೀಖಿಗೆ ನಿಗಮದ ಖಾತೆಗೆ ಬೀಳುತ್ತದೆ ಎಂಬ ಸರ್ಕಾರಿ ಆದೇಶಕ್ಕೂ ಸಹಿ ಹಾಕಲಿ. ಕಂಪನಿಗೆ ಸಿಕ್ಕಿರುವಂಥದೇ ಖಾತರಿ ನಿಗಮಕ್ಕೂ ಬೇಕು.